ಉಸ್ತಾದರ ಮಂಚಕ್ಕೆ ಸಾಗಿಸಿದ ಸದ್ದು

ಹೊನ್ನೂರಕ್ಕನ ಓಣಿಯಲ್ಲಿ ನಾನು ಹಾಯುವುದಿಲ್ಲ. ಗ್ಯಾರೇಜಿನಿಂದ ನನ್ನ ಮನೆಗೆ ಅದೇ ಹತ್ತಿರದ ದಾರಿ, ಇನ್ನೂರು ಹೆಜ್ಜೆಯೂ ಆಗಲಿಕ್ಕಿಲ್ಲ. ಆದರೂ ನಾನು ಹಿಟ್ಟಿನ ಗಿರಣಿ ಸುತ್ತಿ, ಚರಂಡಿ ದಾಟಿ, ಬೀದಿನಾಯಿಗಳ ಕೈಲಿ ಬೊಗಳಿಸಿಕೊಂಡು ಮನೆ ಸೇರುತ್ತೇನೆ. ಯಾಕೆಂದರೆ ಮಧ್ಯಾಹ್ನದ ಹೊತ್ತು ಮೌಲಾಲಿ ಉಸ್ತಾದರು ಅವಳ ಮನೆ ಬಾಗಿಲಿಗೆ, ಡೊಗ್ ಡೊಗ್ ಬಡಿಯುವ ಚಿಲಕಕ್ಕೆ ಬೆನ್ನು ಹಚ್ಚಿ ಕೂತಿರುತ್ತಾರೆ. ನನ್ನನ್ನು ಕಂಡರೆ ಬೈಯುವುದಿಲ್ಲ, ಮುಖ ತಿರುಗಿಸುವುದೂ ಇಲ್ಲ. ಬಾ ಎಂದು ಕೈಮಾಡಿ ಕರೆಯುತ್ತಾರೆ. ನನಗೆ ತಡೆದುಕೊಳ್ಳಲು ಆಗದಿರುವುದು ಅದೇ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ನಮ್ಮೂರಲ್ಲಿ ಸದ್ದು ತಾನಾಗಿ ಸಾಯುವುದಿಲ್ಲ. ಗಾಡಿ ಕೆಟ್ಟು ಸದ್ದು ಶುರುವಾಯಿತು ಅಂದುಕೊಳ್ಳಿ. ಕೆಟ್ಟದ್ದನ್ನು ರಿಪೇರಿ ಮಾಡಿದರೂ ಸದ್ದು ಅಲ್ಲೇ ಕೂತಿರುತ್ತದೆ. ಅದನ್ನು ಎಬ್ಬಿಸಿ ಬೇರೆ ಕಡೆಗೆ ಸಾಗಿಸಬೇಕು. ಒಂದು ಕಬ್ಬಿಣದ ಸಲಾಕೆಯ ಈ ತುದಿ ಎಂಜಿನ್ನಿಗೆ, ಆ ತುದಿ ಯಾವುದಾದರೂ ಮನೆಸಾಮಾನಿಗೆ ತಾಗಿಸಿ, ನಡುವೆ ಎರಡೂ ಕೈಯಿಂದ ಗಟ್ಟಿ ಹಿಡಿದರೆ ಸದ್ದು ಅಂಗೈಯ ಕೆಳಗೆ ಹರಿದು ಆಚೆ ಇಳಿಯುತ್ತದೆ. ತನ್ನ ಗಾಡಿಯ ಸದ್ದನ್ನು ಗಾಡಿಯವನೇ ಮನೆಗೆ ಒಯ್ಯಬೇಕು, ಅದು ಪದ್ಧತಿ. ಹಾಗಾಗಿ ಎಣ್ಣೆ ಅಂಗಡಿಯವರ ತಿಜೋರಿಯಲ್ಲಿ ಲಾರಿಯ ಗೇರುಗಳು ನರಳುತ್ತವೆ. ಪೋಸ್ಟ್ ಮಾಸ್ತರರ ಮನೆಯ ತೊಟ್ಟಿಲಲ್ಲಿ ಹಳೇ ಸ್ಕೂಟರಿನ ಸೈಲೆನ್ಸರು ಗುಡುಗುಡು ಎನ್ನುತ್ತದೆ, ಮೂರು ಮಕ್ಕಳು ಅದರಲ್ಲೇ ಮಲಗಿ ಬೆಳೆದವು, ಬೇರೆ ತೊಟ್ಟಿಲಿಗೆ ಹಾಕಿದರೆ ಅಳುತ್ತಿದ್ದವಂತೆ. ಹೆಣ್ಣು ನೋಡಲು ಬಂದವರು ಮನೆಯಲ್ಲಿ ಏನೇನು ಸದ್ದಿವೆ ಎಂದು ಮೊದಲೇ ವಿಚಾರಿಸುತ್ತಾರೆ. ಇಂಥ ಊರಲ್ಲಿ ಯಾವ ಸದ್ದು ಯಾವುದರದು ಎಂದು ಒಲೆಯ ಮುಂದೆ ಕೂತ ಮುದುಕಿಗೂ ಗೊತ್ತಿರುತ್ತದೆ. ಆದರೆ ರೋಗ ಹೋಗಿದೆಯೋ, ಬರೀ ಸದ್ದು ಉಳಿದಿದೆಯೋ ಎಂಬುದು ಮಾತ್ರ ಮೆಕ್ಯಾನಿಕ್ಕಿನ ಬಾಯಿಂದಲೇ ಬರಬೇಕು. ಅವನು ಹೋಗಿದೆ ಅಂದರೆ ಹೋಗಿದೆ. ಬೇರೆ ದಾರಿಯೇ ಇಲ್ಲ.

ಆ ಮೆಕ್ಯಾನಿಕ್ಕು ನಾನು. ಕಿವಿಗೆ ಹೆಸರಾದವನು. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಕಣ್ಣು ಮುಚ್ಚಿದರೆ, ನಿಂತು ನೋಡುವವರು ಬೀಡಿ ಸೇದುವುದನ್ನೂ ನಿಲ್ಲಿಸುತ್ತಿದ್ದರು. ಈ ವಿದ್ಯೆ ಕಲಿಸಿದವರು ಮೌಲಾಲಿ ಉಸ್ತಾದರು. ನಲವತ್ತು ವರ್ಷ ಎಂಜಿನ್ನಿನ ಪಕ್ಕ ಕೂತು ಕೂತು ಅವರ ಎರಡೂ ಕಿವಿ ಪೂರ್ತಿ ಹೋಗಿ ಹನ್ನೊಂದು ವರ್ಷವಾಗಿತ್ತು. ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಕಬ್ಬಿಣದ ಮಂಚ, ದಿಂಬಿನ ಕೆಳಗೆ ಸ್ಲೇಟು ಬಳಪ, ನನ್ನ ಮನೆಯಿಂದ ಎರಡು ಹೊತ್ತು ಊಟ. ಉಸ್ತಾದರನ್ನು ಸಾಕುತ್ತಿದ್ದಾನೆ ಎಂದು ಊರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಆ ಹೆಸರೂ ನನಗೆ ಬೇಕಾಗಿತ್ತು.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಎರಡು ವರ್ಷದಿಂದ ನನ್ನ ಕಿವಿಯೂ ಕೈಕೊಡುತ್ತಿತ್ತು. ತೆಳು ಸದ್ದು ಕೇಳುತ್ತಿತ್ತು: ಗುಬ್ಬಿ, ಗೆಜ್ಜೆ, ಒಗ್ಗರಣೆಯ ಸಾಸಿವೆ. ದಪ್ಪ ಸದ್ದುಗಳು ಒಂದೊಂದಾಗಿ ಬಿಟ್ಟುಹೋಗುತ್ತಿದ್ದವು. ಗಿರಣಿಯ ಗುಂಯ್ ಹೋಯಿತು. ದೂರದ ಗುಡುಗು ಹೋಯಿತು. ಕೋಣೆಯಿಂದ ಕೂಗಿದರೆ ನಾನು ಓಗೊಡುವುದಿಲ್ಲ ಎಂದು ಹೆಂಡತಿ ಜಗಳ ತೆಗೆದಳು, ಇವನಿಗೆ ಸೊಕ್ಕು ಬಂದಿದೆ ಅಂದಳು. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವನು ಅನ್ನಿಸಿಕೊಳ್ಳುವುದೇ ಮೇಲು ಎಂದು ಸುಮ್ಮನಿದ್ದೆ. ಯಾರಿಗೂ ಹೇಳಲಿಲ್ಲ, ಉಸ್ತಾದರಿಗೂ ಇಲ್ಲ.

ಒಂದು ಸೋಮವಾರ ಮುಂಜಾನೆ ಹೊನ್ನೂರಕ್ಕ ತನ್ನ ವ್ಯಾನು ತಂದು ನಿಲ್ಲಿಸಿದಳು. ಗಂಡ ಸತ್ತ ಮೇಲೆ ಸ್ಟೇರಿಂಗ್ ಹಿಡಿದವಳು. ಪ್ರತಿ ಬುಧವಾರ ಹದಿನಾಲ್ಕು ಜನ ಕಾಯಿಪಲ್ಲೆ ಮಾರುವ ಹೆಂಗಸರನ್ನು ತುಂಬಿಕೊಂಡು ಕಣಿವೆ ಹತ್ತಿ, ಆಚೆ ಊರಿನ ಸಂತೆಗೆ ಹೋಗುತ್ತಾಳೆ. ಆ ಕಣಿವೆಯ ರಸ್ತೆಯಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

"ರುದ್ರಣ್ಣ, ಗಾಡಿ ಹೊಟ್ಟ್ಯಾಗ ಏನೋ ಬಡೀತೈತಿ ನೋಡು," ಎಂದಳು. "ಮುಂಜಾನೆ ಅಷ್ಟಿರಂಗಿಲ್ಲ. ಬಿಸಿ ಆದಮ್ಯಾಲೆ ಜೋರು. ಏರು ಹತ್ತಿ ಎಕ್ಸಲೇಟರ್ ಮ್ಯಾಲಿಂದ ಕಾಲು ಎತ್ತಿದೆ ಅಂದ್ರ ಸಾಕು, ಡೊಗ್ ಡೊಗ್ ಡೊಗ್. ಒಳಗ ಯಾರೋ ಕೂತು ಬಾಗಿಲ ಬಡದಂಗ."

ಅವಳು ಹೇಳಿದ್ದರಲ್ಲೇ ರೋಗದ ಹೆಸರು ಇತ್ತು. ಸ್ವಲ್ಪ ಬುದ್ಧಿ ಇದ್ದವನು ಅಷ್ಟಕ್ಕೇ ಎಂಜಿನ್ ಬಿಚ್ಚುತ್ತಿದ್ದ. ನಾನು ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚಿ ನಿಂತೆ. ಏನೂ ಕೇಳಲಿಲ್ಲ. ಮೊನೆ ಸರಿಸಿದೆ, ಮೇಲೆ, ಕೆಳಗೆ, ಪಕ್ಕಕ್ಕೆ. ಮೇಲೆ ವಾಲ್ವು ತಳ್ಳುವ ಟ್ಯಾಪೆಟ್ಟಿನ ಚಿಟಚಿಟ ಒಂದೇ.

"ಕೇಳಿಸ್ತಾ?" ಎಂದಳು.

"ಕೇಳಿಸ್ದೇ ಏನು? ನಾನೇನು ಕಿವುಡೇನು?" ಎಂದೆ. ಎಂದು, ರಸ್ತೆಯ ಆಚೆ ಚಹದಂಗಡಿಯಲ್ಲಿ ಕೂತಿದ್ದ ಉಸ್ತಾದರ ಕಡೆ ನೋಡಿದೆ. ನಿಂತವರೆಲ್ಲ ನಕ್ಕರು. ತಮ್ಮನ್ನು ನೋಡಿ ನಗುತ್ತಿದ್ದಾರೆ ಎಂದು ತಿಳಿದು ಉಸ್ತಾದರೂ ಅಲ್ಲಿಂದಲೇ ನಕ್ಕು ಗ್ಲಾಸು ಎತ್ತಿದರು. ಥೂ, ನನ್ನ ಬಾಯಿಗಿಷ್ಟು.

"ಟ್ಯಾಪೆಟ್ಟು," ಎಂದೆ.

"ಅಯ್ಯ, ಟ್ಯಾಪೆಟ್ಟಿಂದು ನನಗ ಗೊತ್ತಿಲ್ಲೇನು? ನಮ್ಮತ್ತಿ ಒರಳಿನ್ಯಾಗ ಇಪ್ಪತ್ತು ವರ್ಷದಿಂದ ಐತಿ. ಅದು ಚಿಟಚಿಟ ಅಂತೈತಿ. ಇದು ಡೊಗ್ ಡೊಗ್."

"ಅಕ್ಕ, ಗಾಡಿ ಓಡಿಸೋದು ನಿನ್ನ ಕೆಲಸ. ಕೇಳೋದು ನಂದು."

ನಾನು ಟ್ಯಾಪೆಟ್ಟು ಬಿಗಿ ಮಾಡಿದೆ. ಇನ್ನೂ ಬಡಿಯುತ್ತಿದೆಯಲ್ಲ ಎಂದಳು. ಸದ್ದು ಇರ್ತೈತಿ ಅಕ್ಕ, ರೋಗ ಹೋಗೈತಿ, ಇನ್ನು ಸಾಗಿಸೋದೊಂದೇ ಬಾಕಿ ಎಂದೆ. ಅವಳು ಸೆರಗಿನ ಗಂಟಿನಿಂದ ತನ್ನ ಮನೆಯ ಬಾಗಿಲಿನ ಚಿಲಕ ತೆಗೆದುಕೊಟ್ಟಳು. ಸದ್ದು ಇಳಿಸಿಕೊಂಡು ಹೋಗಲು ಬಿಚ್ಚಿ ತಂದಿದ್ದಳು. ಆ ಚಿಲಕ ಓಣಿಗೆ ಹೋದರೆ, ಅಲ್ಲಿಯ ಹೆಂಗಸರು ಒಂದೇ ಸಲಕ್ಕೆ ಇದು ಟ್ಯಾಪೆಟ್ಟಲ್ಲ ಅನ್ನುತ್ತಾರೆ.

"ಬ್ಯಾಡ ಅಕ್ಕ. ಮಗಳು ಬಾಣಂತನಕ್ಕ ಬಂದಾಳಂತಲ್ಲ, ಕೂಸಿನ ನಿದ್ದಿ ಕೆಡ್ತೈತಿ. ನಿನ್ನ ಸದ್ದು ಇಲ್ಲೇ ಇರ್ಲಿ, ನಾ ಇಟ್ಕೋತೀನಿ," ಎಂದೆ.

ಊರಲ್ಲಿ ಯಾರೂ ಇನ್ನೊಬ್ಬರ ಸದ್ದು ಇಟ್ಟುಕೊಳ್ಳುವುದಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. "ದೊಡ್ಡ ಮನಸು ನಿಂದು," ಎಂದು ಚಿಲಕವನ್ನು ಮತ್ತೆ ಗಂಟಿಗೆ ಕಟ್ಟಿಕೊಂಡು, ಮಗಳಿಗೆ ಹೇಳಲು ಮನೆಗೆ ಹೋದಳು.

ಇಟ್ಟುಕೊಳ್ಳುವುದು ಎಲ್ಲಿ? ಗ್ಯಾರೇಜಿನೊಳಗೆ ಇಟ್ಟರೆ ಬಂದ ಗಿರಾಕಿಯೆಲ್ಲ ಕೇಳುತ್ತಾನೆ. ಆಗ ಹಿಂದಿನ ಕೋಣೆಯ ಮಂಚ ನೆನಪಾಯಿತು. ಗೋಡೆ ದಪ್ಪ, ಬಾಗಿಲು ಹಾಕಿದ್ದರೆ ಹೊರಗೆ ಬರುವುದಿಲ್ಲ. ಮಲಗುವವರಿಗೆ ಕೇಳುವುದಿಲ್ಲ. ಉಸ್ತಾದರು ಇನ್ನೂ ಚಹದಂಗಡಿಯಲ್ಲಿದ್ದರು. ವ್ಯಾನನ್ನು ಹಿಂದಕ್ಕೆ ತಳ್ಳಿ, ಕಿಟಕಿಯಿಂದ ಸಲಾಕೆ ತೂರಿಸಿ, ಹಿಡಿದೆ. ಟ್ಯಾಪೆಟ್ಟಿನ ಸದ್ದು ಸಾಗುವಾಗ ಅಂಗೈ ಕೆಳಗೆ ಇರುವೆ ಹರಿದಂತೆ ಆಗುತ್ತದೆ. ಇದು ಹೆಗ್ಗಣ ದಾಟಿದಂತಾಯಿತು. ಕೈಗೆ ಗೊತ್ತಾಯಿತು, ಸುಳ್ಳು ಹೇಳುವುದಿಲ್ಲ. ಇದು ಬೇರೆ ಏನೋ ಎಂದು ಆಗಲೇ ಗೊತ್ತಾಯಿತು. ಗೊತ್ತಾದರೂ ಸಲಾಕೆ ಎಳೆದುಕೊಂಡು, ಕೈ ಒರೆಸಿ, ಬಾನೆಟ್ ಮುಚ್ಚಿದೆ.

ಮರುದಿನ ಬೆಳಗ್ಗೆ ಗ್ಯಾರೇಜಿಗೆ ಬಂದರೆ ಉಸ್ತಾದರು ಬಾಗಿಲಲ್ಲೇ ನಿಂತಿದ್ದರು. ಮುಖ ಬೇರೆಯೇ ಆಗಿತ್ತು. ನನ್ನ ಎರಡೂ ಕೈ ಹಿಡಿದು ಎದೆಗೆ ಒತ್ತಿಕೊಂಡರು. ಕಿವಿ ಹೋದ ಮೇಲೆ ಅವರ ಮಾತು ಯಾವಾಗಲೂ ಕೂಗಿದಂತೆಯೇ.

"ಬೇಟಾ! ನನ್ನ ಮಂಚಕ್ಕ ಸದ್ದು ಇಟ್ಟಿದ್ದು ನೀನಾ? ರಾತ್ರಿ ಬೆನ್ನು ಹಚ್ಚಿದ್ನಪ್ಪಾ, ಬೆನ್ನಾಗ ಡೊಗ್ ಡೊಗ್ ಅಂತು. ಎಲುಬಿನ್ಯಾಗ ಕೇಳ್ತು ನನಗ! ಹನ್ನೊಂದು ವರ್ಷ ಆಗಿತ್ತೋ ಒಂದು ಸದ್ದು ನನ್ನ ಹತ್ರ ಬಂದು. ಹೆಂಗ ಹೊಳೀತೋ ನಿನಗ?"

ಅವರು ನನ್ನ ಉತ್ತರಕ್ಕೆ ಕಾಯಲೂ ಇಲ್ಲ. "ಯಾವ ಸದ್ದು ಅಂತ ಹೇಳಬ್ಯಾಡ ಮತ್ತ! ನಾನೇ ಹಿಡೀತೀನಿ. ಕಿವಿ ಹೋದ್ರೇನಾತು, ಕೈ ಹೋಗಿಲ್ಲ," ಎಂದು ಚಹದಂಗಡಿಗೆ ಹೋದರು. ಅಲ್ಲಿ ಬಂದವರಿಗೆಲ್ಲ ಹೇಳಿದರು, ನನ್ನ ಶಿಷ್ಯ ನನಗೆ ಒಂದು ಸದ್ದು ಕೊಟ್ಟಿದ್ದಾನೆ ಎಂದು. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ದಾರಿಯಲ್ಲಿ ಪೋಸ್ಟ್ ಮಾಸ್ತರರು ನಿಲ್ಲಿಸಿ ಬೆನ್ನು ತಟ್ಟಿದರು. ಮನೆಯಲ್ಲಿ ಹೆಂಡತಿ ಬಹಳ ದಿನದ ಮೇಲೆ ನನ್ನನ್ನು ನೋಡಿ ನಕ್ಕು, ಹೋಳಿಗೆ ಮಾಡಿದಳು. ನಾನು ಆ ಹೋಳಿಗೆಯನ್ನು ತಿಂದೆ. ಎರಡು ತಿಂದೆ.

ಬುಧವಾರ ಹನ್ನೊಂದು ಗಂಟೆಯ ಸುಮಾರಿಗೆ ಹಿಂದಿನ ಕೋಣೆಯಿಂದ "ಹಿಡಿದೆ!" ಎಂಬ ಕೂಗು ಬಂತು. ಹೋದೆ. ಉಸ್ತಾದರು ನೆಲದ ಮೇಲೆ ಕೂತು ಮಂಚದ ಕಾಲನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಿದ್ದರು. ವಯಸ್ಸೇ ಇಳಿದಂತಿತ್ತು.

"ಕನೆಕ್ಟಿಂಗ್ ರಾಡಿನ ಬೇರಿಂಗು! ಮೂರನೇ ಸಿಲಿಂಡರಿಂದು. ಹೌದಿಲ್ಲೋ? ಪೂರಾ ಸವದು ಸತ್ತೈತಿ. ಶಾಬಾಶ್ ಬೇಟಾ, ಟೈಮಿಗೆ ಸರಿಯಾಗಿ ಹಿಡಿದಿ. ಇನ್ನೊಂದು ಏರು ಹತ್ತಿದ್ರ ರಾಡು ಮುರದು, ಎಂಜಿನ್ನು ಒಡಕೊಂಡು ಹೊರಗ ಬರ್ತಿತ್ತು. ನಡು ಏರಿನ್ಯಾಗ ಎಂಜಿನ್ ಹಿಡಕೊಂಡ್ರ ಗಾಡಿ ಹಿಂದಕ್ಕ ಹೋಗೋದ. ಹೊಸಾ ಬೇರಿಂಗ್ ಹಾಕಿದ್ಯಲ್ಲ?"

ನಾನು ಹೂಂ ಎಂದು ತಲೆ ಆಡಿಸಿದೆ. ಇಷ್ಟು ದಿನ ಕಳೆದರೂ ಆ ತಲೆ ಆಡಿಸಿದ್ದು ನೆನಪಾದರೆ ನನ್ನ ಕತ್ತಿನ ಮೇಲೆ ನನಗೇ ಹೇಸಿಗೆ ಆಗುತ್ತದೆ. ಆಮೇಲೆ ಅಂದು ಬುಧವಾರ ಎಂಬುದು ಹೊಳೆಯಿತು. ಚಪ್ಪಲಿ ಕೂಡ ಹಾಕಿಕೊಳ್ಳದೆ ಮೋಟಾರು ಸ್ಟ್ಯಾಂಡಿಗೆ ಓಡಿದೆ.

ವ್ಯಾನು ಇನ್ನೂ ಹೊರಟಿರಲಿಲ್ಲ. ಮೇಲೆ ಬುಟ್ಟಿಗಳನ್ನು ಕಟ್ಟಿ ಆಗಿತ್ತು, ಒಳಗೆ ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ಎಂಜಿನ್ ಚಾಲೂ ಇತ್ತು. "ಬಾ ರುದ್ರಣ್ಣ, ನೋಡು ನಿನ್ನ ಕೈಗುಣ, ಹೂವಿನಂಗ ಓಡ್ತೈತಿ," ಎಂದಳು ಹೊನ್ನೂರಕ್ಕ. ಹಿಂದಿನಿಂದ ಯಾರೋ, ಗುರುವಿಗೆ ಸದ್ದು ಕೊಟ್ಟ ಪುಣ್ಯಾತ್ಮ, ತಂಪಾಗಿರಲಿ ಎಂದು ಹರಸಿದರು. ಓಡುವಾಗ ಬಾಯಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದ ಮಾತು ಬೇರೆಯೇ ಇತ್ತು.

"ನಂದೊಂದು ನಟ್ಟು ಬಿಚ್ಚೋ ಪಾನಾ ನಿನ್ನ ಗಾಡ್ಯಾಗ ಉಳದೈತಿ," ಎಂದೆ.

ಹೌದು, ಹಾಗೆಂದೆ. ಹದಿನಾಲ್ಕು ಜನರ ಜೀವ ಅಲ್ಲಿ ಕೂತಿತ್ತು, ನಾನು ಪಾನಾ ಎಂದೆ. ಪಾಪ, ಹೊನ್ನೂರಕ್ಕ ಎಂಜಿನ್ ಬಂದ್ ಮಾಡಿ, ಕೆಳಗಿಳಿದು ಸೀಟಿನ ಕೆಳಗೆಲ್ಲ ಕೈಯಾಡಿಸಿದಳು. ನಾನೂ ಹುಡುಕಿದೆ, ಇಲ್ಲದ ಪಾನಾವನ್ನು. ಹೆಂಗಸರು ತಡವಾಗುತ್ತೆ, ಸೊಪ್ಪು ಬಾಡುತ್ತೆ ಎಂದು ಗೊಣಗತೊಡಗಿದರು. "ಸಿಗಂಗಿಲ್ಲ ತಗೋ, ಬಂದಮ್ಯಾಲೆ ಹುಡುಕಿ ಕೊಡ್ತೀನಿ," ಎಂದು ಹೊನ್ನೂರಕ್ಕ ಹತ್ತಿ ಕೂತು ಕೀಲಿಗೆ ಕೈ ಹಾಕಿದಳು. ನಾನು ಹೋಗಿ ವ್ಯಾನಿನ ಮುಂದೆ ನಿಂತೆ.

"ಏನೋ ಇದು, ಸರೀ ಆಕಡೆ!"

"ಚಾಲೂ ಮಾಡಬ್ಯಾಡ ಅಕ್ಕ. ಟ್ಯಾಪೆಟ್ ಅಲ್ಲ ಅದು. ಬೇರಿಂಗ್ ಹೋಗೈತಿ. ರಿಪೇರಿ ಆಗಿಲ್ಲ. ಬರೀ ಸದ್ದು ತಗದೀನಿ ನಾನು."

ಅವಳು ಹಿಂದೆ ತಿರುಗಿ ಹೆಂಗಸರನ್ನು ನೋಡಿದಳು, ಆಮೇಲೆ ಕಣಿವೆಯ ಕಡೆ ನೋಡಿದಳು. ಇಳಿದು ನನ್ನ ಎದುರಿಗೆ ಬಂದು ನಿಂತಳು.

"ನಾ ಡೊಗ್ ಡೊಗ್ ಅಂತ ಬಾಯಿ ಬಡಕೊಂಡ್ನೆಲ್ಲೋ! ನಿನಗ ಕೇಳಸ್ಲಿಲ್ಲೇನು?"

ಕೋಪದಲ್ಲಿ ಆಡಿದ ಮಾತು, ಉತ್ತರ ಬೇಡುವ ಪ್ರಶ್ನೆಯೂ ಅಲ್ಲ. ತಲೆ ತಗ್ಗಿಸಿ ನಿಂತಿದ್ದರೆ ಎರಡು ಬೈದು ಬಿಡುತ್ತಿದ್ದಳೇನೋ. ಆದರೆ ಪಾನಾ ಎಂದ ಬಾಯಿಯ ಮೇಲೆ ನನಗೇ ಅಸಹ್ಯ ಹುಟ್ಟಿತ್ತು.

"ಇಲ್ಲ ಅಕ್ಕ," ಎಂದೆ. "ಕೇಳಸ್ಲಿಲ್ಲ. ಎರಡು ವರ್ಷ ಆತು, ದಪ್ಪ ಸದ್ದು ನನಗ ಕೇಳಸಂಗಿಲ್ಲ."

ಒಬ್ಬಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಒಂದು ಮುದುಕಿ "ಅಯ್ಯ ಪಾಪ" ಎಂದಿತು. ಆ ಪಾಪ ನನಗೆ ಕಪಾಳಕ್ಕೆ ಹೊಡೆದಂತೆ ಬಿತ್ತು. ಹೊನ್ನೂರಕ್ಕ ನಗಲೂ ಇಲ್ಲ, ಪಾಪ ಅನ್ನಲೂ ಇಲ್ಲ.

"ಅಂದ್ರ ಉಸ್ತಾದರ ಮಂಚಕ್ಕ ಇಟ್ಟಿದ್ದು ನನ್ನ ಸದ್ದು," ಎಂದಳು. "ಅವರಿಗೆ ಕೊಡಾಕಲ್ಲ. ಕಿವುಡ ಅದಾರ, ಗೊತ್ತಾಗಂಗಿಲ್ಲ ಅಂತ."

ನಾನು ಹೌದೆಂದೆ.

"ನಡಿ. ನನ್ನ ಸದ್ದು ನನ್ನ ಗಾಡಿಗೆ ವಾಪಸ್ ಹಾಕು. ಬಡಿಯೋ ಗಾಡಿನ್ನ ನಂಬತೀನಿ, ಸುಮ್ಮನಿರೋ ಗಾಡಿನ್ನ ಇನ್ನ ನಂಬಂಗಿಲ್ಲ. ಮತ್ತ ಉಸ್ತಾದರಿಗೆ ನೀನೇ ಹೇಳು. ನಾ ಹೇಳಂಗಿಲ್ಲ."

ಎಂಜಿನ್ ಚಾಲೂ ಮಾಡಲಿಲ್ಲ. ಹೆಂಗಸರೇ ಇಳಿದು ಸೆರಗು ಸಿಕ್ಕಿಸಿ ವ್ಯಾನನ್ನು ಗ್ಯಾರೇಜಿನವರೆಗೆ ತಳ್ಳಿದರು. ನಾನೂ ತಳ್ಳಿದೆ. ನನ್ನ ಎಡಕ್ಕೂ ಬಲಕ್ಕೂ ಇದ್ದವರು ನನ್ನಿಂದ ಒಂದು ಗೇಣು ದೂರವೇ ಕೈಯಿಟ್ಟಿದ್ದರು.

ಉಸ್ತಾದರು ಮಂಚದ ಮೇಲೆ ಕೂತಿದ್ದರು. ಇಷ್ಟು ಜನರನ್ನು ಕಂಡು, ತಮ್ಮ ಸದ್ದು ನೋಡಲು ಬಂದಿದ್ದಾರೆ ಎಂದುಕೊಂಡರು. "ಬರ್ರಿ, ಬರ್ರಿ, ಕೈ ಇಟ್ಟು ನೋಡ್ರಿ," ಎಂದು ಸರಿದು ಜಾಗ ಮಾಡಿದರು. ನಾನು ದಿಂಬಿನ ಕೆಳಗಿನ ಸ್ಲೇಟು ತೆಗೆದುಕೊಂಡೆ. ಬಳಪ ಎರಡು ಸಲ ಮುರಿಯಿತು. ಬರೆದೆ: ಇದು ನಿಮಗಾಗಿ ತಂದದ್ದಲ್ಲ. ನನಗೆ ಕೇಳಿಸಲಿಲ್ಲ. ಸುಳ್ಳು ಹೇಳಿ ಇಲ್ಲಿ ಬಚ್ಚಿಟ್ಟೆ. ನಿಮಗೆ ಗೊತ್ತಾಗುವುದಿಲ್ಲ ಎಂದು. ಬೇರಿಂಗ್ ಹಾಕಿಲ್ಲ.

ಅವರು ಸ್ಲೇಟನ್ನು ದೂರ ಹಿಡಿದು ಓದಿದರು. ಹತ್ತಿರ ಹಿಡಿದು ಇನ್ನೊಮ್ಮೆ ಓದಿದರು. ಆಮೇಲೆ ಅಂಗಿಯ ತೋಳಿನಿಂದ ಅಕ್ಷರಗಳನ್ನು ಒರೆಸಿದರು, ಬೇರೆ ಯಾರೂ ಓದಬಾರದು ಎಂಬಂತೆ. ಎದ್ದು ಕೌದಿ ಮಡಚಿದರು, ಚಾಪೆ ಸುತ್ತಿದರು, ದಿಂಬನ್ನು ಮೂಲೆಗೆ ಇಟ್ಟರು. ಮಂಚ ಖಾಲಿಯಾಯಿತು. ಒಯ್ಯಿ ಎಂದು ಕೈ ಮಾಡಿದರು.

ಸಲಾಕೆ ಹಿಡಿದು ಸದ್ದನ್ನು ಎಂಜಿನ್ನಿಗೆ ವಾಪಸ್ಸು ಸಾಗಿಸುವಷ್ಟು ಹೊತ್ತೂ ಉಸ್ತಾದರು ಮಂಚದ ಪಟ್ಟಿಯ ಮೇಲೆ ಒಂದು ಕೈ ಇಟ್ಟುಕೊಂಡೇ ನಿಂತಿದ್ದರು. ಪೂರ್ತಿ ಹೋದ ಮೇಲೆ ಆ ಕೈಯನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೊನ್ನೂರಕ್ಕ ಅದನ್ನೆಲ್ಲ ನೋಡುತ್ತಿದ್ದಳು. ಸೆರಗಿನ ಗಂಟಿನಲ್ಲಿ ಇನ್ನೂ ಹಾಗೇ ಇದ್ದ ಚಿಲಕವನ್ನು ಮುಟ್ಟಿ ನೋಡಿಕೊಂಡಳು.

ಉಸ್ತಾದರು ವ್ಯಾನಿನ ಹತ್ತಿರ ಬಂದು, ಒಂದೇ ಒಂದು ನಿಮಿಷ ಚಾಲೂ ಮಾಡು ಎಂದು ಹೊನ್ನೂರಕ್ಕನಿಗೆ ಸನ್ನೆ ಮಾಡಿದರು. ಮಾಡಿದಳು. ಸುತ್ತ ನಿಂತವರ ಮುಖ ನೋಡಿದರೆ ಸಾಕು, ಎಲ್ಲರಿಗೂ ಕೇಳುತ್ತಿತ್ತು. ನನಗೊಬ್ಬನಿಗೇ ಇಲ್ಲ. ಉಸ್ತಾದರು ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕಿತ್ತುಕೊಂಡು ಪಕ್ಕಕ್ಕೆ ಇಟ್ಟರು. ನನ್ನ ಮಣಿಕಟ್ಟು ಹಿಡಿದು, ಅಂಗೈಯನ್ನು ಎಂಜಿನ್ನಿನ ಮಗ್ಗುಲಿಗೆ ಒತ್ತಿದರು.

"ಹೇಳು. ಎಷ್ಟನೇದು?"

ನನಗೆ ಉತ್ತರ ಗೊತ್ತಿತ್ತು. ಬೆಳಗ್ಗೆ ಅವರೇ ಹೇಳಿದ್ದರಲ್ಲ, ಮೂರನೆಯದು ಎಂದು. ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಮೂರು ಎಂದಿದ್ದರೆ ಹೆಂಗಸರು ತಲೆದೂಗುತ್ತಿದ್ದರು, ಕಿವಿ ಹೋದರೂ ಕೈ ಇದೆ ಇವನಿಗೆ ಎನ್ನುತ್ತಿದ್ದರು. ಗ್ಯಾರೇಜು ಉಳಿಯುತ್ತಿತ್ತು. ಅಂಗೈಯ ಕೆಳಗೆ ಬರೀ ನಡುಕ ಇತ್ತು, ಎಂಜಿನ್ನಿನದೋ ನನ್ನದೋ.

"ಗೊತ್ತಾಗ್ತಿಲ್ಲ," ಎಂದೆ.

ಇಪ್ಪತ್ತಾರು ವರ್ಷದಲ್ಲಿ ಆ ಗ್ಯಾರೇಜಿನಲ್ಲಿ ನಾನು ಆಡದಿದ್ದ ಮಾತು. ಉಸ್ತಾದರು ಕತ್ತು ಮುಂದೆ ಚಾಚಿ, ಕಿವಿಯ ಹಿಂದೆ ಕೈ ಇಟ್ಟರು.

"ಆಂ? ಏನಂದಿ?"

"ಗೊತ್ತಾಗ್ತಿಲ್ಲ!"

"ಕೇಳಸವಲ್ಲದು. ಜೋರಾಗಿ ಹೇಳು."

ಚಹದಂಗಡಿಯವರು ಎದ್ದು ನಿಂತಿದ್ದರು. ಹದಿನಾಲ್ಕು ಹೆಂಗಸರು, ಹೊನ್ನೂರಕ್ಕ, ದಾರಿಹೋಕರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ, ಊರಿಗೆಲ್ಲ ಕೇಳುವಂತೆ ಕೂಗಿದೆ.

"ನನಗ ಗೊತ್ತಾಗ್ತಿಲ್ಲ ಉಸ್ತಾದ!"

ಉಸ್ತಾದರು ತಲೆ ಆಡಿಸಿದರು. ನನ್ನ ಮಣಿಕಟ್ಟು ಬಿಡಲಿಲ್ಲ. ಅಂಗೈಯನ್ನು ಎರಡು ಬೆರಳಷ್ಟು ಕೆಳಗೆ ಸರಿಸಿ, ತಮ್ಮ ಕೈಯನ್ನು ಅದರ ಮೇಲಿಟ್ಟು ಒತ್ತಿದರು.

"ಈಗ?" ಎಂದರು.